ಬಚ್ಚಲ ಕಲ್ಲಿನ ಇರುವೆಗಳು

ಮಲೇರಿಯಾ ಇಲಾಖೆಯ ಚೆಲುವರಾಜು ಇರುವೆಗೆ ಹೆದರುತ್ತಿದ್ದ.

ನಾಯಿಗೆ ಹೆದರುತ್ತಿರಲಿಲ್ಲ. ದಿನಕ್ಕೆ ಐವತ್ತು ಮನೆಯ ಜಗಲಿ ಹತ್ತಿ ಇಳಿಯುವವನು ನಾಯಿಗೆ ಹೆದರಿದರೆ ಕೆಲಸ ನಡೆಯುವುದಿಲ್ಲ. ಹಾವಿಗೂ ಅಷ್ಟಾಗಿ ಹೆದರುತ್ತಿರಲಿಲ್ಲ. ಒಮ್ಮೆ ಹಳ್ಳಿಯೊಂದರ ಹುಲ್ಲಿನ ಮಾಡಿಗೆ ಡಿ.ಡಿ.ಟಿ. ಹೊಡೆಯುತ್ತಿದ್ದಾಗ ನಾಗರಹಾವೊಂದು ಅವನ ಹೆಗಲ ಮೇಲೆ ಬಿದ್ದು, ಅಲ್ಲಿಂದ ನೆಲಕ್ಕಿಳಿದು, ಕೆಮ್ಮುತ್ತಾ ಹೋಯಿತಂತೆ. 'ಕೆಮ್ಮುತ್ತಾ' ಎನ್ನುವುದು ಅವನದೇ ಸೇರ್ಪಡೆ. ಮೇಲಧಿಕಾರಿಗಳಿಗೆ ಹೆದರುತ್ತಿದ್ದ ನಿಜ; ಅದು ಕೆಲಸದ ಜೊತೆಗೇ ಬರುವ ಹೆದರಿಕೆ, ಖಾಕಿ ಚೀಲದ ಹಾಗೆ. ಆದರೆ ಕಪ್ಪಿರುವೆಯ ಸಾಲೊಂದು ಗೋಡೆಯಿಂದ ಇಳಿಯುವುದು ಕಂಡರೆ ನಿಂತಲ್ಲೇ ನಿಂತುಬಿಡುತ್ತಿದ್ದ. ಸಾಲು ಎಲ್ಲಿಗೆ ಹೋಗುತ್ತಿದೆ ಎಂದು ಬಗ್ಗಿ ನೋಡುತ್ತಿದ್ದ. ಬೆಲ್ಲದ ಚೂರಿಗೋ ಸತ್ತ ಜಿರಳೆಗೋ ಹೋಗುತ್ತಿದೆ ಎಂದು ಖಾತ್ರಿಯಾದ ಮೇಲೆಯೇ ಮುಂದಿನ ಹೆಜ್ಜೆ.

ಇದಕ್ಕೆ ಕಾರಣ ಅವನಪ್ಪ ನಿಂಗಯ್ಯ, ಬೋಗಾದಿಯ ಒಕ್ಕಲಿಗ. ಮೂಟೆ ರಾಗಿಯನ್ನು ಒಬ್ಬನೇ ಹೊತ್ತು ಅಟ್ಟಕ್ಕೇರಿಸುತ್ತಿದ್ದ ಆಳು. ಚೆಲುವರಾಜುವಿಗೆ ಒಂಬತ್ತು ವರ್ಷವಾಗಿದ್ದಾಗ, ಕೊಟ್ಟಿಗೆಯ ಹಿಂದೆ ಅಪ್ಪ ಉಚ್ಚೆಗೆ ಕೂರುವ ಜಾಗಕ್ಕೆ ಇರುವೆ ಮುತ್ತತೊಡಗಿದವು. ಅಜ್ಜಿ ಅದನ್ನು ನೋಡಿ ಬಂದು, "ನಿಂಗನ ಮೈ ಸಿಹಿಯಾಗದೆ ಕಣ್ರಪ್ಪಾ," ಎಂದಳು. ಹುಡುಗ ಅದನ್ನು ಒಳ್ಳೆಯ ಸುದ್ದಿ ಎಂದೇ ತಿಳಿದಿದ್ದ. ಆಮೇಲೆ ಅಪ್ಪನ ಕಾಲಿಗೆ ಒಂದು ಜಾಲಿಮುಳ್ಳು ಚುಚ್ಚಿತು. ಚುಚ್ಚಿದ್ದು ಅಪ್ಪನಿಗೆ ಗೊತ್ತೇ ಆಗಲಿಲ್ಲ. ಬೆರಳು ಕಪ್ಪಾಯಿತು, ಪಾದ ಕಪ್ಪಾಯಿತು, ಮನೆಯೊಳಗೆ ಯಾರೂ ಊಟ ಮಾಡಲಾಗದಂಥ ವಾಸನೆ ಬಂತು, ದೀಪಾವಳಿಯ ಹೊತ್ತಿಗೆ ಅಪ್ಪ ಇರಲಿಲ್ಲ. ಮೊದಲು ಇರುವೆ, ಆಮೇಲೆ ಮುಳ್ಳು, ಆಮೇಲೆ ಚಟ್ಟ. ಈ ಕ್ರಮ ಹುಡುಗನ ತಲೆಯಲ್ಲಿ ಮಗ್ಗಿಯ ಹಾಗೆ ಕೂತುಬಿಟ್ಟಿತು.

ದೇಶಕ್ಕೆ ಸ್ವಾತಂತ್ರ್ಯ ಬಂದ ವರ್ಷ ಅವನು ಹೆಂಡತಿ ಮಂಗಳಮ್ಮನನ್ನು ಕರೆದುಕೊಂಡು ಮೈಸೂರಿಗೆ ಬಂದ. ಲಷ್ಕರ್ ಮೊಹಲ್ಲಾದಲ್ಲಿ ನಮ್ಮ ಪಕ್ಕದ ಮನೆ. ಮುಂದೆ ಒಂದು ನಡುಮನೆ, ಅದಕ್ಕಂಟಿದ ಅಡುಗೆಮನೆ, ಹಿಂದೆ ಕೈಯಗಲದ ಹಿತ್ತಲು, ಹಿತ್ತಲಲ್ಲಿ ಬಚ್ಚಲು. ಒಬ್ಬಳೇ ಮಗಳನ್ನು ಹದಿನಾರು ತುಂಬುತ್ತಲೇ ನಂಜನಗೂಡಿಗೆ ಮದುವೆ ಮಾಡಿ ಕೊಟ್ಟ ಮೇಲೆ ಆ ಮನೆಯಲ್ಲಿ ಉಳಿದವರು ಇಬ್ಬರು. ಇದನ್ನು ನೆನಪಿಟ್ಟುಕೊಳ್ಳಿ, ಚೆಲುವರಾಜು ಮರೆತುಬಿಟ್ಟಿದ್ದ.

ಮಿಡಲ್ ಸ್ಕೂಲ್ ಪಾಸು ಮಾಡಿದ್ದಕ್ಕೆ ಮಲೇರಿಯಾ ಇಲಾಖೆಯಲ್ಲಿ ಕೆಲಸ ಸಿಕ್ಕಿತು. ಮೊದಲು ಡಿ.ಡಿ.ಟಿ. ಹೊಡೆಯುವವನು, ಹಂಗಾಮಿ. ಹಳ್ಳಿಯ ಹೆಂಗಸರು ಅವನನ್ನು ಮರ್ಯಾದೆಯಿಂದ ಒಳಗೆ ಕರೆದು ಗೋಡೆಗೆಲ್ಲ ಹೊಡೆಸಿಕೊಂಡು, ತಿಗಣೆಯೂ ಸಾಯುತ್ತದಲ್ಲ ಎಂದು ಹಾಸಿಗೆಗೂ ಹೊಡೆಸಿಕೊಂಡು, ಅವನು ಅತ್ತ ಹೋಗುತ್ತಲೂ ಗೋಡೆ ಕೊಳಕಾಯಿತೆಂದು ಸುಣ್ಣ ಬಳಿದುಬಿಡುತ್ತಿದ್ದರು. ಆಮೇಲೆ, ಅರವತ್ತರ ಸುಮಾರಿಗೆ, ಮಲೇರಿಯಾವನ್ನು ಬರೀ ಹತೋಟಿಗೆ ತಂದರೆ ಸಾಲದು, ದೇಶದಿಂದಲೇ ಕಿತ್ತೆಸೆಯಬೇಕೆಂದು ಸರ್ಕಾರ ಹಟ ತೊಟ್ಟಾಗ, ಅವನಿಗೆ ಮನೆಮನೆ ತಿರುಗುವ ಕೆಲಸ ಬಂತು. ಬೋಗಾದಿಯೂ ಸೇರಿ ಸುತ್ತಲಿನ ಹಳ್ಳಿಗಳಿಗೆ ಹದಿನೈದು ದಿನಕ್ಕೊಮ್ಮೆ ಬೈಸಿಕಲ್ಲಿನಲ್ಲಿ ಹೋಗಬೇಕು. "ಯಾರಿಗಾದ್ರೂ ಜ್ವರ ಬಂದಿತ್ತಾ?" ಎಂದು ಕೇಳಬೇಕು. ಬಂದಿದ್ದರೆ ಬೆರಳಿಗೆ ಸೂಜಿ ಚುಚ್ಚಿ ಗಾಜಿನ ಪಟ್ಟಿಯ ಮೇಲೆ ಒಂದು ತೊಟ್ಟು ರಕ್ತ ತೆಗೆಯಬೇಕು, ಮಾತ್ರೆ ನುಂಗಿಸಬೇಕು, ಗೋಡೆಯ ಮೇಲೆ ತಾರೀಖು ಬರೆಯಬೇಕು.

ಸೂಜಿಗೆ ಹೆದರಿ ಜನ ಜ್ವರ ಬಂದವರನ್ನು ಬಚ್ಚಿಡುತ್ತಿದ್ದರು. ಒಮ್ಮೆ ರಾಗಿ ತುಂಬುವ ಆಳೆತ್ತರದ ಖಾಲಿ ಮಣ್ಣಿನ ವಾಡೆಯೊಳಗಿಂದ ಕೆಮ್ಮು ಕೇಳಿಸಿ, ಅವನು ಮುಚ್ಚಳ ತೆಗೆದರೆ ಒಳಗೆ ಒಬ್ಬ ಮುದುಕ ಕಂಬಳಿ ಹೊದ್ದು ಕೂತಿದ್ದ. "ಕಾಯ್ಲೆ ಬಚ್ಚಿಟ್ರೆ ಅದು ಒಳಗೇ ಕೂತು ಬೆಳೀತದೆ ಕಣವ್ವಾ," ಎಂದು ಆ ಮನೆಯ ಸೊಸೆಗೆ ಚೆಲುವರಾಜು ಬುದ್ಧಿ ಹೇಳಿದ. ಇಲಾಖೆಯವರು ಬಾಯಿಪಾಠ ಮಾಡಿಸಿದ್ದ ಮಾತು ಅದು. ಅವನು ನಂಬಿಯೂ ಇದ್ದ.

೧೯೬೨ರ ಶ್ರಾವಣದಲ್ಲಿ ಅವನ ಕೆಲಸ ಖಾಯಂ ಆಗುವ ಸುದ್ದಿ ಬಂತು. ದಸರಾ ಮುಗಿದ ಮೇಲೆ ದೊಡ್ಡಾಸ್ಪತ್ರೆಗೆ ಹೋಗಿ ಮೈ ತೋರಿಸಿ, ಡಾಕ್ಟರಿಂದ 'ಫಿಟ್' ಎಂದು ಬರೆಸಿಕೊಂಡು ಬಂದರೆ ಸಾಕು. ಮೇಲ್ವಿಚಾರಕ ಮಹದೇವಪ್ಪ ಅದನ್ನು ವಿವರಿಸಿದ.

"ಕಣ್ಣು ನೋಡ್ತಾರೆ, ಎದೆ ನೋಡ್ತಾರೆ, ಆಮೇಲೆ ಶೀಸೇಲಿ ಉಚ್ಚೆ ಹಿಡಿದು ಕೊಡಬೇಕು. ಹೋದ್ವರ್ಷ ನಮ್ಮ ಜೀಪಿನ ಡ್ರೈವರ್ರು ಅಲ್ಲೇ ಸಿಕ್ಕೊಂಡ."

"ಎಲ್ಲಿ ಸಾರ್?"

"ಉಚ್ಚೇಲಿ ಕಣಯ್ಯ. ಸಕ್ಕರೆ ಇತ್ತು. ಅನ್‌ಫಿಟ್ಟು ಅಂತ ಒಂದೇ ಮಾತು ಬರೆದ್ರು. ಮನೇಲಿದಾನೆ ಈಗ."

ಮಹದೇವಪ್ಪ ನಕ್ಕ. ಚೆಲುವರಾಜು ನಗಲಿಲ್ಲ.

ಅದಾದ ನಾಲ್ಕನೇ ದಿನ ಬೆಳಗ್ಗೆ ಬಚ್ಚಲಿಗೆ ಹೋದವನಿಗೆ ಇರುವೆ ಕಂಡವು.

ಗೋಡೆಯ ಬಿರುಕಿನಿಂದ ಹೊರಟ ಸಾಲು ಹಂಡೆಯ ಒಲೆಯನ್ನು ಬಳಸಿ, ನೀರು ಹೋಗುವ ಕಂಡಿಯ ಪಕ್ಕದ ಕಲ್ಲಿನ ಮೂಲೆಗೆ ಬಂದು ಮುಗಿಯುತ್ತಿತ್ತು. ಅವನು ಬಗ್ಗಿ ನೋಡಿದ. ಬೆಲ್ಲವಿಲ್ಲ. ಜಿರಳೆಯಿಲ್ಲ. ಬರೀ ಕಲ್ಲು, ಕಲ್ಲಿನ ಮೇಲೆ ಒಣಗಿದ ತೇವದ ಗುರುತು, ಅದರ ಸುತ್ತ ತಲೆಗೆ ತಲೆ ತಾಗಿಸಿಕೊಂಡು ನಿಂತ ನೂರಾರು ಕಪ್ಪು ಚುಕ್ಕೆಗಳು. ತನ್ನ ಎರಡೂ ಪಾದಗಳನ್ನು ನೋಡಿಕೊಂಡ. ಇನ್ನೂ ಕಂದು ಬಣ್ಣವೇ ಇದ್ದವು.

ಆಗ ಚೆಲುವರಾಜು ಮಾಡಿದ್ದನ್ನು ಮಲೇರಿಯಾ ಇಲಾಖೆಯವನಲ್ಲದೆ ಬೇರೆ ಯಾರೂ ಮಾಡಲಾರರು. ಅಟ್ಟದ ಮೇಲೆ ಹಳೆಯ ಬಿಸ್ಕತ್ತಿನ ಡಬ್ಬದಲ್ಲಿ ತಿಗಣೆಗೆಂದು ಇಟ್ಟಿದ್ದ ಡಿ.ಡಿ.ಟಿ. ಪುಡಿಯನ್ನು ಇಳಿಸಿ, ನೀರಲ್ಲಿ ಕಲಸಿ, ಸುಣ್ಣದ ಕುಂಚದಿಂದ ಬಚ್ಚಲಿನ ಮೂಲೆಗೂ ಗೋಡೆಯ ಬಿರುಕಿಗೂ ಬಳಿದ. ಮಾರನೆಯ ದಿನ ಇರುವೆಗಳೆಲ್ಲ ಕಾಲು ಮೇಲಾಗಿ ಬಿದ್ದಿದ್ದವು. ಒಂದು ತಂಬಿಗೆ ನೀರು ಹುಯ್ದು ಸಾಕ್ಷಿಗಳನ್ನೆಲ್ಲ ಕಂಡಿಗೆ ಕಳಿಸಿದ. ವಾರಕ್ಕೊಮ್ಮೆ ಬಳಿಯುವುದು ರೂಢಿಯಾಯಿತು. ಸೊಳ್ಳೆ ಕೊಲ್ಲಲು ನೇಮಕವಾದವನು ಹೀಗೆ ಮನೆಯಲ್ಲಿ ಒಂದು ಸುಳ್ಳು ಸಾಕತೊಡಗಿದ.

"ಏನೂಂದ್ರೆ, ಬಚ್ಚಲು ಯಾಕಿಂಗೆ ನಿಮ್ಮ ಆಪೀಸಿನ ವಾಸ್ನೆ ಹೊಡೀತದೆ?" ಎಂದಳು ಮಂಗಳಮ್ಮ.

"ಜಿರಳೆ ಆಗಿದ್ವು ಕಣೆ. ಔಷ್ದ ಹಾಕಿವ್ನಿ."

"ಜಿರಳೆ ಎಲ್ಲವೆ? ನಾನೊಂದೂ ಕಾಣೆ."

"ಔಷ್ದ ಹಾಕುದ್ಮೇಲೆ ಎಂಗೆ ಕಾಣ್ತವೆ?"

ಈ ಉತ್ತರದಿಂದ ಅವನಿಗೇ ಒಂದಿಷ್ಟು ಸಮಾಧಾನವಾಯಿತು. ಕಾಣದಿದ್ದರೆ ಇಲ್ಲ ಎಂಬ ತರ್ಕ ಸರ್ಕಾರದ ವರದಿಗಳಲ್ಲೂ ನಡೆಯುತ್ತದೆ.

ಆದರೆ ಇರುವೆಯನ್ನು ಕೊಂದರೆ ಸಾಲದು, ಮೈಯೊಳಗಿನ ಸಿಹಿಯನ್ನೂ ಕೊಲ್ಲಬೇಕಲ್ಲ. ಅವನಿಗೆ ಬೇಕಾಗಿದ್ದದ್ದು ಡಾಕ್ಟರ ಸಹಿ, ಅಡ್ಡ ನಿಂತದ್ದು ಸಿಹಿ. ಕಾಫಿಗೆ ಸಕ್ಕರೆ ಬೇಡವೆಂದ. ಅನ್ನ ಅರ್ಧ ಮಾಡಿದ. ಹಳ್ಳಿಯಲ್ಲಿ ಯಾರದೋ ಬೇಲಿಯ ಹಾಗಲಕಾಯಿ ಕಿತ್ತು ಹಸಿಯಾಗಿಯೇ ಅಗಿದು, ಕಣ್ಣಲ್ಲಿ ನೀರು ತುಂಬಿಕೊಂಡು ಬೈಸಿಕಲ್ ತುಳಿದ. ಹೆಂಡತಿಗೆ ಮಾತ್ರ ಗೊತ್ತಾಗಬಾರದು. ಗೊತ್ತಾದರೆ ಅಳುತ್ತಾಳೆ, ಅತ್ತರೆ ಬೀದಿಗೆ ಗೊತ್ತಾಗುತ್ತದೆ, ಬೀದಿಗೆ ಗೊತ್ತಾದರೆ ಆಫೀಸಿಗೆ. ಆದ್ದರಿಂದ ಹಬ್ಬದ ಅಡುಗೆ ಎಂದಿನಂತೆಯೇ ಆಗಬೇಕು ಎಂದ. ಬಡಿಸಿದ್ದನ್ನು ಬೇಡ ಎನ್ನಲಿಲ್ಲ. ಒಬ್ಬಟ್ಟಿನ ಅಂಚು ಮುರಿದು ನಾಲಗೆಗೆ ತಾಗಿಸಿ, "ಆಹಾ, ಏನು ಮಾಡಿದ್ದೀಯೆ ಕಣೆ!" ಎಂದು ಹೊಗಳಿ, ಉಳಿದದ್ದನ್ನು ತಟ್ಟೆಯಲ್ಲೇ ಬಿಟ್ಟು ಏಳುತ್ತಿದ್ದ.

ಗಂಡ ಉಂಡೆದ್ದ ತಟ್ಟೆಯಲ್ಲೇ ಕೂತು ಉಣ್ಣುವುದು ಮಂಗಳಮ್ಮ ಮದುವೆಯಾದ ದಿನದಿಂದ ನಡೆಸಿಕೊಂಡು ಬಂದ ಪದ್ಧತಿ. ಗಂಡ ಬಿಟ್ಟದ್ದನ್ನು ಎಸೆಯುವ ಪದ್ಧತಿ ಅವಳ ತವರಿನಲ್ಲೂ ಇರಲಿಲ್ಲ, ಅತ್ತೆಮನೆಯಲ್ಲೂ ಇರಲಿಲ್ಲ. ಆ ಶ್ರಾವಣ ಭಾದ್ರಪದದಲ್ಲಿ ಎರಡಾಳಿನ ಒಬ್ಬಟ್ಟು, ಎರಡಾಳಿನ ಪಾಯಸ, ಗೌರಿ ಹಬ್ಬದ ತಂಬಿಟ್ಟು, ಗಣೇಶನ ಕಡುಬು ಎಲ್ಲವೂ ಒಬ್ಬಳದೇ ಪಾಲಾದವು. ಗಂಡ ಸೊರಗುತ್ತಿರುವುದು ಕಂಡು ಅವಳು ಇನ್ನೂ ಹೆಚ್ಚು ಮಾಡಿದಳು. ಅವನು ಇನ್ನೂ ಹೆಚ್ಚು ಬಿಟ್ಟ.

"ಯಾಕ್ರೀ ಇಂಗಾಗಿದ್ದೀರಿ? ಕೊರಳ ಪಟ್ಟಿ ಒಳಗೆ ಇನ್ನೊಂದು ಕೊರಳು ಹಿಡೀತದೆ."

"ಬಿಸ್ಲಲ್ಲಿ ತಿರುಗ್ತೀನಲ್ಲ. ನೀನು ಸುಮ್ಕಿರು. ನೀನೇನು ದಪ್ಪ ಆಗಿದ್ದೀಯಾ?"

ಅವಳೂ ದಪ್ಪವಾಗಿರಲಿಲ್ಲ. ಬಳೆಗಳು ಮೊಣಕೈವರೆಗೂ ಜಾರುತ್ತಿದ್ದವು. ಸಂಜೆ ಅವನು ಬರುವ ಹೊತ್ತಿಗೆ ನೀರಿನ ಹೂಜಿ ಬರಿದಾಗಿರುತ್ತಿತ್ತು. ಬೆಳಗ್ಗೆ ತಾನೇ ಅಷ್ಟೂ ಕುಡಿದು ಹೋದೆನೆಂದು ಅವನು ಲೆಕ್ಕ ಹಾಕಿ ಬೆವರುತ್ತಿದ್ದ: ಬಾಯಾರಿಕೆ, ಅಪ್ಪನಿಗೂ ಇದೇ ಇತ್ತು. ಬಟ್ಟೆ ಹೊಲಿಯಲು ಕೂತರೆ ಸೂಜಿಗೆ ದಾರ ಪೋಣಿಸಿಕೊಡಿ ಎಂದು ಅವಳು ಅವನನ್ನೇ ಕೇಳುತ್ತಿದ್ದಳು. ಅವನು ಪೋಣಿಸಿಕೊಟ್ಟು, ಸದ್ಯ, ತನ್ನ ಕಣ್ಣಿನ್ನೂ ಹೋಗಿಲ್ಲ ಎಂದು ಮನಸ್ಸಿನಲ್ಲೇ ಕೈ ಮುಗಿಯುತ್ತಿದ್ದ. ಒಂದು ದಿನ ಒಲೆಯಿಂದ ಸಿಡಿದ ಕೆಂಡವನ್ನು ಮಂಗಳಮ್ಮ ಬರಿಗಾಲಿನಿಂದ ತುಳಿದು ಹಾಗೆಯೇ ನಿಂತಿದ್ದಳು. ಸುಟ್ಟ ವಾಸನೆ ಬಂದ ಮೇಲೆ ಕಾಲೆತ್ತಿದಳು.

"ಚುರ್ ಅನ್ನಲಿಲ್ವೇನೆ?"

"ಇಲ್ಲ ಕಣ್ರೀ. ಮೂವತ್ತು ವರ್ಷ ಬೆಂಕಿ ಮುಂದೆ ನಿಂತ ಕಾಲು, ಅದಕ್ಕೇನು ಗೊತ್ತಾದೀತು."

ಅವಳು ಅರಿಸಿನ ಎಣ್ಣೆ ಮೆತ್ತಿಕೊಂಡಳು. ಎಲ್ಲ ಅವನ ಕಣ್ಣ ಮುಂದೆಯೇ ನಡೆಯಿತು. ಆದರೆ ಭಯ ಅವನ ಕಣ್ಣನ್ನು ಒಳಮುಖಕ್ಕೆ ತಿರುಗಿಸಿಬಿಟ್ಟಿತ್ತು. ತನ್ನ ಪಾದದ ಪ್ರತಿ ಗೀರನ್ನೂ ದಿನಕ್ಕೆ ಮೂರು ಸಲ ಪರೀಕ್ಷಿಸುತ್ತಿದ್ದವನು ಅವಳ ಪಾದವನ್ನು ಮತ್ತೆ ನೋಡಲಿಲ್ಲ.

ಹಳ್ಳಿಗಳಲ್ಲಿ ಅವನ ದನಿ ಕುಗ್ಗಿತು. "ಯಾರಿಗಾದ್ರೂ ಜ್ವರ ಬಂದಿತ್ತಾ?" ಎಂದು ಕೇಳಿ, ಅವರು ಇಲ್ಲ ಎನ್ನುವಾಗ ಅವರ ಮುಖವನ್ನೇ ನೋಡುತ್ತಿದ್ದ, ಇವರೂ ನನ್ನಂತೆಯೇ ಸುಳ್ಳು ಹೇಳುತ್ತಿರಬಹುದು ಎನಿಸುತ್ತಿತ್ತು. ಕಾಯಿಲೆ ಬಚ್ಚಿಡಬೇಡಿ ಎಂಬ ಮಾತು ಈಗ ಬಾಯಿಗೆ ಬರುತ್ತಿರಲಿಲ್ಲ. ತಾರೀಖು ಬರೆಯುವಾಗ ಇನ್ನು ಎಷ್ಟು ದಿನ ಉಳಿದಿವೆ ಎಂದು ಎಣಿಸುತ್ತಿದ್ದ. ಮೊದಲು ಇರುವೆ. ಆಮೇಲೆ ಮುಳ್ಳು. ಹಳ್ಳಿಯ ದಾರಿಯಲ್ಲಿ ಎಷ್ಟು ಜಾಲಿಮರಗಳಿವೆ ಎಂಬುದು ಅವನಿಗೆ ಅದೇ ಮೊದಲ ಸಲ ಗೊತ್ತಾಯಿತು.

ದಸರಾ ಮುಗಿಯಿತು. ಆಸ್ಪತ್ರೆಯ ದಿನಕ್ಕೆ ಮುಂಚಿನ ಮಧ್ಯಾಹ್ನ ಅವನು ಕಾಂಪೌಂಡರ್ ಅಶ್ವತ್ಥರ ಹತ್ತಿರ ಹೋದ. ಅಶ್ವತ್ಥ ನಮ್ಮ ಬೀದಿಯ ಕೊನೆಯ ಡಿಸ್ಪೆನ್ಸರಿಯಲ್ಲಿದ್ದವರು. ತಾತ ಅರಮನೆಯಲ್ಲಿ ಪಂಚಾಂಗ ಓದುತ್ತಿದ್ದರು. ಮೊಮ್ಮಗ ಕೆಮ್ಮಿನ ಔಷಧಿ ಅಳೆಯುತ್ತಿದ್ದರು, ಅಷ್ಟೇ ಗಾಂಭೀರ್ಯದಿಂದ.

"ಸ್ವಾಮಿ, ಒಂದು ಉಪ್ಕಾರ ಆಗ್ಬೇಕು. ನಾಳೆ ದೊಡ್ಡಾಸ್ಪತ್ರೇಲಿ ಶೀಸೆ ಕೊಡಬೇಕು. ನಿಮ್ದು ಒಂದು ಶೀಸೆ ಕೊಟ್ರೆ..."

"ನಮ್ಮದು ಅಂದ್ರೆ?"

ಚೆಲುವರಾಜು ತಲೆ ತಗ್ಗಿಸಿದ. ಅಶ್ವತ್ಥರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು.

"ಅಲ್ಲಯ್ಯಾ, ಅರಮನೆ ಮನೆತನದ್ದು ಅಂತ ಅದಕ್ಕೇನು ಮೊಹರು ಇರುತ್ತಾ? ಏನಾಗಿದೆ ನಿಂಗೆ? ಸರಿಯಾಗಿ ಹೇಳು."

ಹೇಳಿದ. ಅಪ್ಪನಿಂದ ಹಿಡಿದು ಬಿಸ್ಕತ್ತಿನ ಡಬ್ಬದವರೆಗೆ ಎಲ್ಲ ಹೇಳಿದ. ಅಶ್ವತ್ಥ ನಗಲಿಲ್ಲ. ಶೀಸೆಯೊಂದನ್ನು ಕೈಗೆ ಕೊಟ್ಟು, "ಮೊದಲು ನಿಂದು ನೋಡೋಣ. ಹಿಂದುಗಡೆ ಹೋಗು," ಎಂದರು.

ಗಾಜಿನ ಕೊಳವೆಯಲ್ಲಿ ನೀಲಿ ದ್ರಾವಣ. ಅದಕ್ಕೆ ಎಂಟು ತೊಟ್ಟು ಬಿಟ್ಟು, ಸ್ಪಿರಿಟ್ ದೀಪದ ಮೇಲೆ ಹಿಡಿದರು. ಸಕ್ಕರೆ ಇದ್ದರೆ ಹಸಿರಾಗುತ್ತದೆ, ಇನ್ನೂ ಇದ್ದರೆ ಹಳದಿ, ತೀರಾ ಇದ್ದರೆ ಇಟ್ಟಿಗೆ ಕೆಂಪು ಎಂದರು. ಕುದಿಯಿತು. ಚೆಲುವರಾಜು ಕಣ್ಣು ಮುಚ್ಚಿಕೊಂಡ. ಅಪ್ಪನ ಕಾಲಿನ ವಾಸನೆ ಮೂಗಿಗೆ ಬಂತು.

"ಕಣ್ಣು ಬಿಡಯ್ಯ."

ನೀಲಿಯಾಗಿಯೇ ಇತ್ತು. ಎರಡನೇ ಸಲ ಮಾಡಿಸಿದ. ಆಗಲೂ ನೀಲಿ.

"ನಿನ್ನ ಮೈಯಲ್ಲಿ ಸಕ್ಕರೆ ಹಾಗಿರಲಿ, ಉಪ್ಪೂ ಉಳಿದಿಲ್ಲ. ಉಪವಾಸ ಬಿದ್ದು ಸೊರಗಿದ್ದೀಯೆ, ಅಷ್ಟೆ. ಮನೆಗೆ ಹೋಗಿ ಹೊಟ್ಟೆ ತುಂಬ ಊಟ ಮಾಡು."

ಬೀದಿಗೆ ಬಂದವನಿಗೆ ಬಿಸಿಲು ಕೂಡ ಚೆನ್ನಾಗಿದೆ ಎನಿಸಿತು. ಅಶೋಕ ರಸ್ತೆಗೆ ಹೋಗಿ, ಮುತ್ತುಗದೆಲೆಯಲ್ಲಿ ಬಿಸಿ ಜಿಲೇಬಿ ಕಟ್ಟಿಸಿಕೊಂಡ. ಎರಡು ತಿಂಗಳು ಮಂಗಳಮ್ಮನ ಕೈಯಡುಗೆಯನ್ನು ಅವಮಾನ ಮಾಡಿದ್ದಕ್ಕೆ ಪ್ರಾಯಶ್ಚಿತ್ತ. ಮನೆಯವರೆಗೂ ತಡೆಯಲಾಗದೆ, ಜಟಕಾ ಸ್ಟ್ಯಾಂಡಿನಲ್ಲಿ ಕುದುರೆಗಳಿಗೆ ನೀರಿಡುವ ಕಲ್ಲುತೊಟ್ಟಿಯ ಅಂಚಿನ ಮೇಲೆ ಕೂತು ಒಂದನ್ನು ಬಾಯಿಗಿಟ್ಟ. ಪಾಕ ಬೆರಳಿನಿಂದ ಇಳಿದು ಕಲ್ಲಿನ ಮೇಲೆ ಬಿತ್ತು. ಇನ್ನೊಂದು ತಿಂದ. ಕೈ ತೊಳೆಯಲು ಏಳುವಾಗ ಕಲ್ಲನ್ನು ನೋಡಿದ.

ಇರುವೆ ಬಂದಿದ್ದವು.

ಸಾಲಾಗಿ, ಶಿಸ್ತಾಗಿ, ತೊಟ್ಟಿಯ ಬಿರುಕಿನಿಂದ ಹೊರಟು, ಆ ಒಂದು ತೊಟ್ಟು ಪಾಕದ ಸುತ್ತ ತಲೆಗೆ ತಲೆ ತಾಗಿಸಿ ನಿಂತಿದ್ದವು. ಇರುವೆ ಸುಳ್ಳು ಹೇಳುವುದಿಲ್ಲ. ಸಿಹಿ ಇಲ್ಲದ ಕಡೆ ಬರುವುದಿಲ್ಲ. ಹಾಗಾದರೆ ಬಚ್ಚಲ ಕಲ್ಲಿಗೆ ಬಂದವು ಯಾವುದಕ್ಕೆ ಬಂದಿದ್ದವು?

ತನ್ನದು ನೀಲಿ. ಮನೆಯಲ್ಲಿರುವವರು ಇಬ್ಬರು.

ಹೂಜಿಯ ನೀರು, ಸೂಜಿಯ ದಾರ, ಮೊಣಕೈಗೆ ಜಾರುವ ಬಳೆ, ಕೆಂಡ ತುಳಿದು ಹಾಗೆಯೇ ನಿಂತ ಕಾಲು, ಒಂದೊಂದೇ ಅವನ ಮುಂದೆ ಬಂದು ನಿಂತವು. ಕೊನೆಗೆ ತಟ್ಟೆ ಬಂದು ನಿಂತಿತು. ತನ್ನ ತಟ್ಟೆ. ಅಂಚು ಮಾತ್ರ ಮುರಿದ ಒಬ್ಬಟ್ಟು. ಎರಡು ತಿಂಗಳಿಂದ ಅವನು ತನಗೆ ವಿಷವೆಂದು ಬಿಟ್ಟದ್ದೆಲ್ಲ ಅವಳ ಹೊಟ್ಟೆಗೆ ಹೋಗಿತ್ತು. ಹೇಳಲು ಬಂದ ಸಾಕ್ಷಿಗಳನ್ನು ಪ್ರತಿ ವಾರ ಅವನೇ ಕೊಂದಿದ್ದ. ಜಿಲೇಬಿಯ ಪೊಟ್ಟಣವನ್ನು ತೊಟ್ಟಿಯ ಮೇಲೇ ಬಿಟ್ಟು ಓಡಿದ. ನಲವತ್ತು ದಾಟಿದ, ಅರ್ಧ ಹೊಟ್ಟೆಯ ಮನುಷ್ಯ ಜಟಕಾಗಳ ನಡುವೆ ಓಡುವುದನ್ನು ನೋಡಿ ಯಾರೋ, "ಯಾಕಯ್ಯಾ, ಸೊಳ್ಳೆ ಅಟ್ಟಿಸ್ಕೊಂಡು ಬತ್ತಾ?" ಎಂದು ಕೂಗಿದರು.

ಮಂಗಳಮ್ಮ ಹಿತ್ತಲ ಮೆಟ್ಟಿಲ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದಳು. ಪಕ್ಕದಲ್ಲಿ ನೀರಿನ ಚೊಂಬು.

"ಕಾಲು ತೋರ್ಸು."

"ಏನ್ರೀ ಇದು, ಬಂದೋರೇ..."

"ತೋರ್ಸು ಅಂದ್ನಲ್ಲ!"

ಅವಳು ಸೀರೆಯ ಅಂಚು ಸರಿಸಿದಳು. ಕೆಂಡ ತುಳಿದ ಜಾಗ ಮಾಗಿರಲಿಲ್ಲ, ಬಾಯಿ ಬಿಟ್ಟಿತ್ತು. ಕಿರುಬೆರಳೂ ಅದರ ಪಕ್ಕದ ಬೆರಳೂ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿದ್ದವು. ಆ ಬಣ್ಣ ಅವನಿಗೆ ಒಂಬತ್ತನೇ ವಯಸ್ಸಿನಿಂದ ಗೊತ್ತಿತ್ತು.

"ಇದು ಇಷ್ಟು ಯಾವಾಗ ಆಯ್ತೆ?"

"ಬೆಟ್ಟ ಹತ್ತಿ ಬಂದ್ಮೇಲೆ."

"ಯಾವ್ ಬೆಟ್ಟ?"

"ಇನ್ಯಾವ್ ಬೆಟ್ಟ? ತಾಯಿ ಬೆಟ್ಟ. ದಸರಾದ ಮಂಗಳವಾರ ನೀವು ಹಳ್ಳಿಗೆ ಹೋಗಿದ್ರಲ್ಲ, ಆಗ. ಬರಿಗಾಲಲ್ಲಿ ಮೆಟ್ಲು ಹತ್ತಿ ಬತ್ತೀನಿ ಅಂತ ಹರಕೆ ಕಟ್ಕೊಂಡಿದ್ದೆ."

"ಯಾತಕ್ಕೆ?"

ಮಂಗಳಮ್ಮ ಅವರೆಕಾಯಿ ಬಿಡಿಸುವುದನ್ನು ನಿಲ್ಲಿಸಿದಳು.

"ನಿಮ್ಗೆ ಏನೋ ದೊಡ್ಡ ಕಾಯ್ಲೆ ಬಂದದೆ, ನನ್ನತ್ರ ಬಚ್ಚಿಡ್ತಾ ಇದ್ದೀರಿ ಅಂತ. ಉಣ್ಣಲ್ಲ, ತಿನ್ನಲ್ಲ, ದಿನಾ ಕಾಲು ನೋಡ್ಕೊತೀರಿ. ನನ್ಗೇನು ಕಣ್ಣಿಲ್ವಾ? ನಾನೂ ಸುಸ್ತು ಅಂತ ಹೇಳುದ್ರೆ ನೀವು ಇನ್ನೂ ಹೆದರ್ತೀರಾ ಅಂತ ಸುಮ್ನಿದ್ಬುಟ್ಟೆ."

ಚೆಲುವರಾಜು ಅವಳ ಕಾಲಿನ ಪಕ್ಕ ಕೂತ. ಆಮೇಲೆ ಅವಳನ್ನು ಎಬ್ಬಿಸಿ ಡಿಸ್ಪೆನ್ಸರಿಗೆ ಕರೆದುಕೊಂಡು ಹೊರಟ.

ಅಶ್ವತ್ಥರ ಕೊಳವೆಯಲ್ಲಿ ಅವಳದು ಕುದಿಯುವುದಕ್ಕೂ ಮೊದಲೇ ಹಸಿರಾಯಿತು. ಹಳದಿಯಲ್ಲಿ ಒಂದು ಗಳಿಗೆಯೂ ನಿಲ್ಲಲಿಲ್ಲ. ಇಟ್ಟಿಗೆ ಕೆಂಪು ತಳಕ್ಕಿಳಿಯುವಾಗ ಅವರು ದೀಪ ಆರಿಸಿ, "ಈಗಲೇ ಜಟಕಾ ತಾ," ಎಂದರಷ್ಟೆ.

ದೊಡ್ಡಾಸ್ಪತ್ರೆಯಲ್ಲಿ ಆರು ವಾರ. ಎರಡು ಬೆರಳು ತೆಗೆದರು. ಇನ್ನು ಹತ್ತು ದಿನ ತಡವಾಗಿದ್ದರೆ ಮೊಣಕಾಲಿನವರೆಗೆ ತೆಗೆಯಬೇಕಾಗಿತ್ತು, ಅಥವಾ ತೆಗೆಯುವ ಪ್ರಶ್ನೆಯೇ ಬರುತ್ತಿರಲಿಲ್ಲ ಎಂದರು ಅಲ್ಲಿಯ ಡಾಕ್ಟರು. ಅವಳನ್ನು ಸೇರಿಸಿದ ಮಾರನೆಯ ಬೆಳಗ್ಗೆ ಅದೇ ಆಸ್ಪತ್ರೆಯ ಇನ್ನೊಂದು ಕೋಣೆಯಲ್ಲಿ ಚೆಲುವರಾಜು ತನ್ನ ಶೀಸೆ ಕೊಟ್ಟ. 'ಫಿಟ್' ಎಂದು ಸಹಿ ಬಿತ್ತು. ಆ ಕಾಗದ ಹಿಡಿದು ಮಂಗಳಮ್ಮನ ಮಂಚದ ಹತ್ತಿರ ಬಂದಾಗ, ಅದನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದು ತಿಳಿಯದೆ ಬೆನ್ನ ಹಿಂದೆ ಹಿಡಿದುಕೊಂಡಿದ್ದನಂತೆ. ಹೀಗೆ ಅವನ ಕೆಲಸವೂ ಅವಳ ಕಾಯಿಲೆಯೂ ಒಂದೇ ವಾರ ಖಾಯಂ ಆದವು.

ಆಮೇಲಿನದು ಇನ್‌ಸುಲಿನ್ ಕಾಲ. ದಿನಾ ಬೆಳಗ್ಗೆ ಗಾಜಿನ ಸಿರಿಂಜನ್ನು ಕುದಿಸಬೇಕು. ಔಷಧಿಯ ಪುಟ್ಟ ಶೀಸೆ ಬಿಸಿಲಿಗೆ ಕೆಡಬಾರದೆಂದು ಒದ್ದೆ ಮರಳು ತುಂಬಿದ ಮಡಕೆಯಲ್ಲಿ ಇಟ್ಟಿರಬೇಕು. ಸಾವಿರಾರು ಬೆರಳಿಗೆ ಸೂಜಿ ಚುಚ್ಚಿದವನ ಕೈ ಹೆಂಡತಿಯ ತೋಳಿನ ಹತ್ತಿರ ಬಂದಾಗ ನಡುಗಿತು. "ನಿಮ್ಮ ರಿಜಿಸ್ಟರಲ್ಲಿ ನನ್ನೆಸರು ಬರ್ಕೊಂಡು ಚುಚ್ಚಿ, ಆಗ ನಡುಗಲ್ಲ," ಎಂದಳು ಅವಳು. ಜ್ವರದ ಮಾತ್ರೆಯನ್ನು ಸರ್ಕಾರ ಮನೆ ಬಾಗಿಲಿಗೆ ತಂದು, ಬೇಡವೆಂದರೂ ಬಾಯಿಗೆ ಹಾಕುತ್ತಿತ್ತು. ಈ ಔಷಧಿಯನ್ನು ಮಾತ್ರ ಅಂಗಡಿಯಿಂದ ತರಬೇಕು, ಈ ತಿಂಗಳು, ಬರುವ ತಿಂಗಳು, ಬದುಕಿರುವ ಅಷ್ಟೂ ತಿಂಗಳು. ಮೊದಲ ವರ್ಷ ಬೈಸಿಕಲ್ ಹೋಯಿತು. ಹಳ್ಳಿಗಳಿಗೆ ನಡೆದು ಹೋಗತೊಡಗಿದ. ನಡೆಯುವ ಕಾಲು ತನ್ನದಿದೆಯಲ್ಲ ಎನ್ನುತ್ತಿದ್ದ.

ಅದೇ ವರ್ಷ ಅವನು ಸರ್ಕಾರ ಹೇಳಿಕೊಡದ ಒಂದು ಪ್ರಶ್ನೆಯನ್ನು ಸೇರಿಸಿಕೊಂಡ. "ಯಾರಿಗಾದ್ರೂ ಜ್ವರ ಬಂದಿತ್ತಾ?" ಎಂದ ಮೇಲೆ, ಸ್ವಲ್ಪ ತಡೆದು, "ಬಚ್ಚಲಿಗೆ ಇರುವೆ ಬತ್ತವಾ?"

ಜನ ನಕ್ಕರು. ಬೋಗಾದಿಯ ಬೆಟ್ಟಮ್ಮ ಎಂಬ ಮುದುಕಿ, "ಬಚ್ಚಲಿಗೊಂದೇ ಏನಪ್ಪ, ಅಟ್ಟ, ಹಿಟ್ಟಿನ ಮಡಕೆ, ನನ್ನ ಎಲೆಯಡಿಕೆ ಚೀಲ ಎಲ್ಲಾದ್ಕೂ ಬತ್ತವೆ. ನೀನೊಬ್ಬ ಬಾಕಿಯಿದ್ದೆ, ಬಂದೆ," ಎಂದಳು. ಮಕ್ಕಳು ಅವನನ್ನು ಇರುವೆರಾಜ ಎಂದು ಕರೆದವು. ಇರುವೆ ಬರುವ ಮನೆಗಳ ಎದುರು ಅವನು ರಿಜಿಸ್ಟರಿನ ಅಂಚಿನಲ್ಲಿ ಪೆನ್ಸಿಲಿನಿಂದ 'ಇ' ಎಂದು ಗುರುತು ಹಾಕಿದ್ದನ್ನು ಕಂಡು ಮಹದೇವಪ್ಪ ಕೂಗಾಡಿದ.

"ಏನಯ್ಯ ಇದು? ದೇಶ ಸೊಳ್ಳೆ ಮೇಲೆ ಯುದ್ಧಕ್ಕೆ ನಿಂತಿದೆ, ನೀನು ಇರುವೆ ಎಣಿಸ್ತಾ ಕೂತಿದ್ದೀಯಾ? ಇದಕ್ಕೆ ಕಾಲಂ ಎಲ್ಲಿದೆ?"

"ಇಲ್ಲ ಸಾರ್. ಅದಕ್ಕೇ ಅಂಚಲ್ಲಿ ಬರ್ದೆ."

ಚೆಲುವರಾಜು ಅಂಚಿನ ಗುರುತುಗಳನ್ನು ಅಳಿಸಿದ. ಪ್ರಶ್ನೆಯನ್ನು ಬಿಡಲಿಲ್ಲ.

ಒಂದು ದಿನ ಉತ್ತರ ಬಂತು. ಬೋಗಾದಿಯ ಶಾಲೆಯ ಮೇಷ್ಟ್ರು ಶಿವಮಲ್ಲಪ್ಪ ಬಾಗಿಲ ಹೊರಗೆ ಬಂದು, ಹೆಂಡತಿಗೆ ಕೇಳಿಸದಂತೆ, "ನೀನು ಅದನ್ನ ಯಾಕೆ ಕೇಳ್ತೀಯಪ್ಪಾ?" ಎಂದರು. ಅವರ ಮುಖದಲ್ಲಿ ಚೆಲುವರಾಜು ತನ್ನ ಮುಖ ಕಂಡ. ಅಶ್ವತ್ಥರ ಹತ್ತಿರ ಕರೆದುಕೊಂಡು ಹೋದ. ಕೊಳವೆ ಕೆಂಪಾಯಿತು. ಮೇಷ್ಟ್ರು, "ಈಗ ಏನು ಮಾಡೋದು?" ಎಂದು ಅವನನ್ನೇ ಕೇಳಿದರು. ಚೆಲುವರಾಜುವಿನ ಕೈ ಅಭ್ಯಾಸಬಲದಿಂದ ಖಾಕಿ ಚೀಲದೊಳಗೆ ಹೋಯಿತು. ಅಲ್ಲಿ ಜ್ವರದ ಮಾತ್ರೆ, ಗಾಜಿನ ಪಟ್ಟಿ, ಸೂಜಿ, ಹತ್ತಿ, ತಾರೀಖು ಬರೆಯುವ ಸೀಮೆಸುಣ್ಣ ಎಲ್ಲ ಇದ್ದವು. ಮೇಷ್ಟ್ರಿಗೆ ಕೊಡುವಂಥದ್ದು ಏನೂ ಇರಲಿಲ್ಲ. ಕೈಯನ್ನು ಬರಿದಾಗಿಯೇ ಹೊರತೆಗೆದ. ಆವತ್ತು ಹೆದರಿದಷ್ಟು ಬಚ್ಚಲಲ್ಲಿಯೂ ಹೆದರಿರಲಿಲ್ಲ ಎಂದು ನನಗೆ ಹೇಳಿದ. "ಎಷ್ಟು ಮನೇಲಿ ಇರ್ಬೋದು ಸ್ವಾಮಿ? ನಾನು ಹೋಗೋದು ಬರೀ ಹತ್ತು ಹಳ್ಳಿಗೆ. ಎಲ್ಲಾರೂ ಹೌದು ಅಂದ್ಬುಟ್ರೆ?"

ಈಗ ಐದು ವರ್ಷವಾಯಿತು. ಹಳ್ಳಿಗಳಲ್ಲಿ ಜ್ವರ ಹೆಚ್ಚುಕಡಿಮೆ ಇಲ್ಲವಾಗಿದೆ. ಇಲಾಖೆಯವರು ಸಂತೋಷವಾಗಿದ್ದಾರೆ, ಚೆಲುವರಾಜುವಿಗೂ ಅದರಲ್ಲಿ ಹೆಮ್ಮೆಯಿದೆ. ಮಂಗಳಮ್ಮ ಕುಂಟುತ್ತಾ ನೀರು ಸೇದುತ್ತಾಳೆ. ಊಟಕ್ಕೆ ಈಗ ಎರಡು ತಟ್ಟೆ. ಅವನು ಹಟ ಹಿಡಿದು ಮಾಡಿಸಿದ ಹೊಸ ಪದ್ಧತಿ. ಅವಳ ತಟ್ಟೆಗೆ ಮೊದಲು ಬಡಿಸಿ, ಅದರಲ್ಲಿ ಏನಿದೆ ಎಂದು ನೋಡಿದ ಮೇಲೆಯೇ ತಾನು ಕೂರುವುದು.

ಬಿಸ್ಕತ್ತಿನ ಡಬ್ಬ ಅಟ್ಟದ ಮೇಲಿಲ್ಲ. ಬಚ್ಚಲ ಗೋಡೆಯ ಬಿರುಕಿಗೆ ಸುಣ್ಣ ಕೂಡ ಮೆತ್ತಿಸಿಲ್ಲ. ದಿನಾ ಬೆಳಗ್ಗೆ, ಅವಳು ಬಚ್ಚಲಿಗೆ ಹೋಗಿ ಬಂದ ಮೇಲೆ, ಅವಳ ಸಕ್ಕರೆ ಹತೋಟಿಯಲ್ಲಿದೆಯೋ ಇಲ್ಲವೋ ಎಂದು ತಿಳಿಯಲು ಚೆಲುವರಾಜು ಹೋಗಿ ಆ ಕಲ್ಲಿನ ಮುಂದೆ ಕುಕ್ಕರುಗಾಲಲ್ಲಿ ಕೂರುತ್ತಾನೆ. ನಮ್ಮ ಹಿತ್ತಲಿಗೆ ಅವರ ಮಾತೆಲ್ಲ ಕೇಳಿಸುತ್ತದೆ.

"ಬಂದವ್ರಾ ನಿಮ್ ನೆಂಟ್ರು?" ಅಡುಗೆಮನೆಯಿಂದ ಮಂಗಳಮ್ಮ ಕೂಗುತ್ತಾಳೆ.

ಮೊನ್ನೆ ಉತ್ತರ ಬರಲು ತಡವಾಯಿತು.

"ಇಲ್ಲ ಕಣೆ. ಒಂದೂ ಬಂದಿಲ್ಲ."

"ಸರ್ಯಾಗಿ ನೋಡುದ್ರಾ?"

ಎದ್ದು ನಿಂತಿದ್ದನೆಂದು ಕಾಣುತ್ತದೆ. ಮತ್ತೆ ಕೂತ ಸದ್ದು ಕೇಳಿಸಿತು.